ಅಂಗಡಿಯಲ್ಲಿ ಕೊಂಡ ಜೆರ್ಸಿ

ಯೂನಿಯನ್‌ವಿಲ್
ಜೂನ್ 10, 2024

ಅಣ್ಣ,

ಈ ಸುದ್ದಿಯನ್ನು ಫೋನಿನಲ್ಲಿ ಕೂಗಿ ಹೇಳಬೇಕೆಂದು ಆಸೆ. ಆದರೆ ನಿನ್ನ ಕಿವಿ ಪೂರ್ತಿ ಕೈಕೊಟ್ಟ ಮೇಲೆ ನಮಗಿಬ್ಬರಿಗೂ ಈಮೇಲೇ ಗತಿ. ವಾಟ್ಸಾಪಿನಲ್ಲಿ ಬರೆದರೆ, 'ಹೆಬ್ಬೆರಳು ತೋರಿಸಿ ಓಡಿಹೋಗ್ತೀಯ, ಕಾಗದದ ಹಾಗೆ ಬರಿ' ಎಂದು ಬೈಯುತ್ತೀಯೆ. ಸರಿ, ಹಾಗೇ ಬರೆಯುತ್ತೇನೆ.

ಧ್ರುವ ಹೆರನ್ಸ್ ತಂಡಕ್ಕೆ ಆಯ್ಕೆಯಾದ! ಕಾಲೇಜು ತಂಡವಲ್ಲ, ಸಂಬಳ ಕೊಟ್ಟು ಆಡಿಸುವ ತಂಡ. ಟೀವಿಯಲ್ಲಿ ಬರುತ್ತದೆ. ಇಲ್ಲಿಯ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಹೆಲ್ಮೆಟ್ ಹಾಕಿದ ದಾಂಡಿಗರು ಮೈಮೇಲೆ ಬಿದ್ದು ಕೆಡವುತ್ತಾರೆ. ಹೆದರಬೇಡ, ಧ್ರುವನದು ಕಿಕ್ಕರ್ ಕೆಲಸ. ಉಳಿದವರು ಬಡಿದಾಡಿ ಚೆಂಡನ್ನು ಹತ್ತಿರಕ್ಕೆ ತಂದಾಗ ಇವನನ್ನು ಕರೆಯುತ್ತಾರೆ. ಎರಡು ಎತ್ತರದ ಕಂಬಗಳ ನಡುವೆ ಹೋಗುವಂತೆ ಒದ್ದರೆ ಮೂರು ಅಂಕ. ಉಳಿದ ಹೊತ್ತೆಲ್ಲ ಅಂಚಿನಲ್ಲಿ ನಿಂತಿರುತ್ತಾನೆ.

ಜೆರ್ಸಿಯ ಬೆನ್ನಿನ ಮೇಲೆ 'ಮಧುಸೂದನ್' ಎಂದು ಅವರಪ್ಪನ ಹೆಸರು. ಮಧು ಅದನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡುತ್ತಿದ್ದರು.

ಎರಡು ವರ್ಷದಿಂದ ಇಲ್ಲಿ ಯಾರಾದರೂ 'ಮಗ ಏನು ಮಾಡ್ತಿದ್ದಾನೆ?' ಎಂದು ಕೇಳಿದರೆ ಎಂಬಿಎ ಓದುತ್ತಿದ್ದಾನೆ ಎನ್ನುತ್ತಿದ್ದೆ. ಬೆಳಗಾದರೆ ಒಂದು ಚೀಲ ಚೆಂಡು ಹೊತ್ತು ಪಾರ್ಕಿಗೆ ಹೋಗಿ ಒದೆಯುತ್ತಾನೆ ಎಂದು ಹೇಗೆ ಹೇಳಲಿ? ಇನ್ನು ಮೇಲೆ ಆ ತಾಪತ್ರಯವಿಲ್ಲ.

ಅರು

*

ಮೈಸೂರು
ಜೂನ್ 19, 2024

ಅರು,

ನಿನ್ನ ಕಾಗದವನ್ನು ನಿನ್ನ ಅತ್ತಿಗೆ ರತ್ನಾಳಿಗೆ ಗಟ್ಟಿಯಾಗಿ ಓದಿದೆ. ಎಷ್ಟು ಗಟ್ಟಿಯಾಗಿ ಎಂದು ನನಗೆ ತಿಳಿಯದು. ಎದುರುಮನೆಯ ತಿಪ್ಪಣ್ಣ ಬಂದು ಕೈ ಕುಲುಕಿ ಹೋದರು.

ಹೆರನ್ ಎಂದರೇನೆಂದು ಅಳಿಯ ಹರ್ಷವರ್ಧನ್‌ನನ್ನು ಕೇಳಿದೆ. ಕೊಕ್ಕರೆಯ ಜಾತಿಯಂತೆ. ನಮ್ಮ ಹುಡುಗನಿಗೆ ಸರಿಯಾದ ತಂಡವೇ ಸಿಕ್ಕಿತು, ಒಂಟಿಕಾಲಲ್ಲಿ ನಿಲ್ಲುವ ಕೆಲಸ! ಟೀವಿಗೆ ಅದೇನೋ ಜೋಡಿಸಿ ಆಟ ಬರುವ ಹಾಗೆ ಮಾಡುತ್ತೇನೆಂದು ಹರ್ಷ ಬರೆದು ತೋರಿಸಿದ್ದಾನೆ. ನಿಮ್ಮ ಸಂಜೆ ನಮಗೆ ಬೆಳಗಿನ ಜಾವವಾಗುವುದರಿಂದ ಕಾಫಿಯ ಜೊತೆ ನೋಡಬಹುದು.

ಎಂಬಿಎ ಸುಳ್ಳಿನ ವಿಷಯ ನನಗೆ ಸ್ವಲ್ಪ ಬೇಸರ ತಂದಿತು. ಹುಡುಗನಿಗೆ ಅದು ಗೊತ್ತಿತ್ತೆ?

ಶ್ರೀಕಂಠ

*

ಯೂನಿಯನ್‌ವಿಲ್
ಜುಲೈ 22, 2024

ಅಣ್ಣ,

ನೋಡಿದೆಯಾ? ಶನಿವಾರ ನೋಡಿದೆಯಾ? ಕೊನೆಯ ಗಳಿಗೆಯಲ್ಲಿ ನಲವತ್ತಾರು ಗಜದಿಂದ ಒದ್ದ! ಇಪ್ಪತ್ತು ಸಾವಿರ ಜನ ಎದ್ದು ನಿಂತರು. ಕಾಮೆಂಟರಿಯವರು ನಮ್ಮ ಹೆಸರನ್ನು 'ಮ್ಯಾಡುಸುಡನ್' ಎಂದು ಕೊಂದರು, ಕೊಲ್ಲಲಿ ಬಿಡು. ನನ್ನನ್ನೂ ಟೀವಿಯಲ್ಲಿ ತೋರಿಸಿದರಂತೆ. ನಾನು ಅವನ ಜೆರ್ಸಿ ಹಾಕಿಕೊಂಡು ಕುಣಿಯುತ್ತಿದ್ದೆ. ಆಫೀಸಿನಲ್ಲಿ ನಮ್ಮ ಮ್ಯಾನೇಜರು ಮೀಟಿಂಗ್ ನಿಲ್ಲಿಸಿ ಚಪ್ಪಾಳೆ ಹೊಡೆಸಿದ.

ಕನ್ನಡ ಸಂಘದ ಕೋಕಿಲಾ ಫೋನ್ ಮಾಡಿದ್ದರು. ನವೆಂಬರಿನ ರಾಜ್ಯೋತ್ಸವಕ್ಕೆ ಧ್ರುವನೇ ಮುಖ್ಯ ಅತಿಥಿ, ಶಾಲು, ಹಾರ, ಎಲ್ಲ. ನಾನು ತಕ್ಷಣ ಒಪ್ಪಿಕೊಂಡೆ. ಅವನಿಗೆ ಹೇಳಿದರೆ ಮುಖ ಗಂಟಿಕ್ಕಿದ.

"ಅಮ್ಮ, ಪ್ಲೀಸ್, ಯಾರ್ಗೂ ಪ್ರಾಮಿಸ್ ಮಾಡ್ಬೇಡ. ಕಿಕ್ಕರ್ಸ್ ಗೆಟ್ ಕಟ್ ಆಲ್ ದ ಟೈಮ್."

"ಟೀಮಿಂದ ತೆಗೀತಾರೆ ಅಂತ ಅಪಶಕುನ ನುಡೀಬೇಡ್ವೋ," ಎಂದೆ.

"ನಂಗೆ ಸೀಸನ್ ಮುಗಿಸೋಕೆ ಬಿಡು, ದಟ್ಸ್ ಆಲ್," ಎಂದು ಎದ್ದುಹೋದ.

ಬೋಲ್ಟನ್‌ನಲ್ಲಿ ಜೊತೆಗಾರನೊಬ್ಬನ ಜೊತೆ ಬೇಸ್‌ಮೆಂಟು ಬಾಡಿಗೆಗೆ ಹಿಡಿದಿದ್ದಾನೆ. ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಎಂಬಿಎ ಮಾತು ಅವನಿಗೆ ಗೊತ್ತಿತ್ತೆ ಎಂದು ಕೇಳಿದ್ದೆಯಲ್ಲ, ಮರೆತೇಹೋಗಿತ್ತು. ಗೊತ್ತಿರಲಿಕ್ಕಿಲ್ಲ. ಈಗ ಅದೆಲ್ಲ ಏಕೆ ಬಿಡು.

ಅರು

*

ಮೈಸೂರು
ಆಗಸ್ಟ್ 4, 2024

ಅರು,

ನೋಡಿದೆ. ತಿಪ್ಪಣ್ಣ ಕುರ್ಚಿಯಿಂದ ಎದ್ದ ರಭಸಕ್ಕೆ ರತ್ನಾಳ ಕಾಫಿ ಲೋಟ ಉರುಳಿತು. ಆಟದ ಗದ್ದಲ ನನಗೆ ಕೇಳಿಸುವುದಿಲ್ಲವಾದ್ದರಿಂದ ನಾನು ಮುಖಗಳನ್ನು ಮಾತ್ರ ನೋಡುತ್ತೇನೆ. ಚೆಂಡು ಕಂಬದ ನಡುವೆ ಹೋದಾಗ ಎಲ್ಲರೂ ನಗುತ್ತಿದ್ದರು, ಅವನೊಬ್ಬ ನಗಲಿಲ್ಲ. ಪರೀಕ್ಷೆಯ ಹಾಲಿನಿಂದ ಹೊರಗೆ ಬಂದ ಹುಡುಗನ ಹಾಗೆ ಸುಸ್ತಾಗಿದ್ದ. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಅಂಥ ಮುಖಗಳನ್ನು ಬಹಳ ನೋಡಿದ್ದೇನೆ.

ನೀನು ಟೀವಿಯಲ್ಲಿ ಬಂದಾಗ ತಿಪ್ಪಣ್ಣನಿಗೆ 'ನನ್ನ ತಂಗಿ, ನನ್ನ ತಂಗಿ' ಎಂದು ತೋರಿಸಿದೆ. ಈಗ ಬೀದಿಯಲ್ಲಿ ಎಲ್ಲರಿಗೂ ನೀನು ಪರಿಚಯ. ಹಾಲಿನ ಬೂತಿನವನೂ ಸನ್ನೆಯಲ್ಲೇ ಆಟದ ಫಲಿತಾಂಶ ಕೇಳುತ್ತಾನೆ.

ರಾಜ್ಯೋತ್ಸವದ ಮಾತನ್ನು ಸ್ವಲ್ಪ ತಡೆದು ಹೇಳಬಹುದಿತ್ತು. ಹುಡುಗ ಊಟಕ್ಕೆ ಬಂದಾಗ ಆಟ ಬಿಟ್ಟು ಬೇರೆ ಏನಾದರೂ ಮಾತಾಡು.

ಶ್ರೀಕಂಠ

*

ಯೂನಿಯನ್‌ವಿಲ್
ಸೆಪ್ಟೆಂಬರ್ 16, 2024

ಅಣ್ಣ,

ಶನಿವಾರ ನಮ್ಮವರು ಸೋತರು. ನಿಮ್ಮ ಕಡೆ ಇಂಟರ್‌ನೆಟ್ ಸರಿಯಾಗಿ ಸಿಕ್ಕಿರಲಾರದು ಎಂದುಕೊಂಡು ಬರೆಯುತ್ತಿದ್ದೇನೆ. ಧ್ರುವ ಎರಡು ಸಲ ಗುರಿ ತಪ್ಪಿದ. ಎರಡನೆಯದು ಕೊನೆಯ ಗಳಿಗೆಯಲ್ಲಿ. ಹತ್ತಿರದ್ದೇ, ಯಾರಾದರೂ ಒದೆಯಬಹುದಾಗಿದ್ದದ್ದು. ಚೆಂಡು ಬಲಗಂಬದ ಆಚೆಗೆ ಹೋಯಿತು. ಎರಡು ಅಂಕದಿಂದ ಸೋಲು.

ಜನ ಕೂಗಿದರು. ಇಲ್ಲಿಯ ಜನಕ್ಕೆ ಬಿಯರ್ ಒಳಗೆ ಹೋದರೆ ಬಾಯಿಗೆ ಲಗಾಮಿಲ್ಲ. ಮಧು ಆಫೀಸಿನ ಕೆಲಸದ ಮೇಲೆ ವ್ಯಾಂಕೂವರಿಗೆ ಹೋಗಿದ್ದರಿಂದ ನಾನೊಬ್ಬಳೇ ಇದ್ದೆ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ತಾಯಿಯಾಗಿ ಇನ್ನೇನು ಮಾಡಲಿ?

ಕೆಲಸ ಬಹಳ ಇದೆ. ಆಮೇಲೆ ಬರೆಯುತ್ತೇನೆ.

ಅರು

*

ಮೈಸೂರು
ಸೆಪ್ಟೆಂಬರ್ 18, 2024

ಅರು,

ಭಾನುವಾರ ಬೆಳಗ್ಗೆ ಇಲ್ಲಿ ಕರೆಂಟು ಹೋಗಿತ್ತು. ಕೊನೆಯ ಭಾಗ ನಾವು ಯಾರೂ ನೋಡಲಿಲ್ಲ.

ರತ್ನಾಳ ಮಂಡಿನೋವು ಹಾಗೇ ಇದೆ. ಬಿಸಿಲು ಇನ್ನೂ ಇಳಿದಿಲ್ಲ. ಧ್ರುವನನ್ನು ಚೆನ್ನಾಗಿ ನೋಡಿಕೋ.

ಶ್ರೀಕಂಠ

*

ಯೂನಿಯನ್‌ವಿಲ್
ಅಕ್ಟೋಬರ್ 6, 2024

ಅಣ್ಣ,

ನೀನು ನಾಲ್ಕು ಸಾಲು ಬರೆದು ಸುಮ್ಮನಾದೆ. ನಿನಗೂ ನಮ್ಮ ಮೇಲೆ ಬೇಸರವೇ? ಸೋತವರ ಮನೆಗೆ ಯಾರೂ ಬರುವುದಿಲ್ಲ ಎಂಬುದು ಇಲ್ಲಿ ದಿನವೂ ತಿಳಿಯುತ್ತಿದೆ. ನೀನೂ ಹಾಗೇ ಮಾಡಬೇಡ.

ಧ್ರುವನನ್ನು ಆಡಿಸುತ್ತಿಲ್ಲ. ಗಡಿಯಾಚೆ ಅಮೆರಿಕದಿಂದ ಬೇರೆ ಕಿಕ್ಕರ್‌ನನ್ನು ಕರೆಸಿದ್ದಾರೆ. ಇವನನ್ನು ಪೂರ್ತಿ ಬಿಟ್ಟಿಲ್ಲ, ದಿನವೂ ಪ್ರಾಕ್ಟೀಸಿಗೆ ಹೋಗುತ್ತಾನೆ. ತಂಡ ಅದಾದ ಮೇಲೂ ಸೋಲುತ್ತಲೇ ಇದೆ, ಆದರೂ ಜನ ಬೈಯುವುದು ಇವನನ್ನೇ.

ಮನೆಗೆ ಬಂದು ಮೂರು ವಾರವಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಮಧು ಮಾಡಿದರೆ ಎತ್ತುತ್ತಾನೆ. 'ಬ್ಯುಸಿ ಅಪ್ಪ, ನೆಕ್ಸ್ಟ್ ವೀಕ್' ಎಂದು ಇಟ್ಟುಬಿಡುತ್ತಾನೆ. ಮುಖ ತೋರಿಸಲು ನಾಚಿಕೆ ಅವನಿಗೆ, ನನಗೆ ಅರ್ಥವಾಗುತ್ತದೆ. ಆದರೆ ತಾಯಿಯ ಮುಂದೆ ಎಂಥ ನಾಚಿಕೆ? ನಾನೇನು ಅವನನ್ನು ಬೈದೆನೇ?

ಕೋಕಿಲಾಗೆ ನಾನೇ ಫೋನ್ ಮಾಡಿ ರಾಜ್ಯೋತ್ಸವಕ್ಕೆ ಅವನು ಬರಲಾಗುವುದಿಲ್ಲ, ಬೆನ್ನುನೋವು ಎಂದೆ. "ಅಯ್ಯೋ, ನಾವೇ ಹೇಗೆ ಕೇಳೋದು ಅಂತಿದ್ವಿ ಅರುಂಧತಿ, ಒಳ್ಳೇದಾಯ್ತು ಬಿಡಿ," ಎಂದರು. ಒಳ್ಳೆಯದಾಯಿತಂತೆ! ಫೋನ್ ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ.

ನೀನು ಅವನಿಗೆ ಒಂದು ಮಾತು ಬರೆಯುತ್ತೀಯಾ? ನಿನ್ನ ಮಾತು ಕೇಳುತ್ತಾನೆ. ಅಮ್ಮನಿಗೆ ನಿನ್ನ ಮೇಲೆ ಏನೂ ಕೋಪವಿಲ್ಲ, ಮನೆಗೆ ಹೋಗು ಎಂದು ಹೇಳು.

ಅರು

*

ಮೈಸೂರು
ಅಕ್ಟೋಬರ್ 9, 2024

ಅರು,

ನಿನ್ನ ಕಾಗದದ ಕೊನೆಯ ಸಾಲು ಓದಿ ಊಟ ಬಿಟ್ಟು ಎದ್ದೆ. ಇನ್ನು ಮುಚ್ಚಿಡಲಾರೆ.

ಕರೆಂಟು ಹೋಗಿರಲಿಲ್ಲ. ನಾವು ಕೊನೆಯವರೆಗೂ ನೋಡಿದೆವು. ಚೆಂಡು ಆಚೆಗೆ ಹೋಯಿತು, ಧ್ರುವ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತ. ಆಮೇಲೆ ನಿನ್ನನ್ನು ತೋರಿಸಿದರು. ಜುಲೈಯಲ್ಲಿ ತೋರಿಸಿದ್ದರಲ್ಲ, ನೀನು ಎಲ್ಲಿ ಕೂರುತ್ತೀಯೆಂದು ಅವರಿಗೆ ಗೊತ್ತಿತ್ತು. ನೀನು ಚಪ್ಪಾಳೆ ತಟ್ಟುತ್ತಿರಲಿಲ್ಲ ಅರು. ಮಡಿಲಲ್ಲಿದ್ದ ಕೋಟನ್ನು ಅವಸರವಾಗಿ ಹಾಕಿಕೊಂಡು ಅವನ ಹೆಸರಿನ ಅಂಗಿ ಕಾಣದ ಹಾಗೆ ಕುತ್ತಿಗೆಯವರೆಗೆ ಜಿಪ್ ಎಳೆದುಕೊಂಡೆ. ಆಮೇಲೆ ಪಕ್ಕದಲ್ಲಿದ್ದವನಿಗೆ ಏನೋ ಹೇಳಿದೆ. ಏನು ಹೇಳಿದೆಯೋ ನನಗೆ ತಿಳಿಯದು.

ನಾನು ಮಾಡಿದ್ದನ್ನೂ ಕೇಳು. ತಿಪ್ಪಣ್ಣ ಟೀವಿಯ ಕಡೆ ಬೆರಳು ತೋರಿಸಿ ನನ್ನ ಮುಖ ನೋಡಿದರು. 'ನಿಮ್ಮ ತಂಗಿಯಲ್ಲವೇ?' ಎಂದು ಅವರ ಹುಬ್ಬೇ ಕೇಳುತ್ತಿತ್ತು. ನಾನು "ಅಲ್ಲ, ಯಾರೋ ಹಾಗೇ ಕಾಣ್ತಾರೆ," ಎಂದೆ. ರತ್ನಾ ತಲೆ ತಗ್ಗಿಸಿದಳು. ಈಗ ತಿಪ್ಪಣ್ಣ ಬಂದರೆ ನಾನು ಹಿತ್ತಲಿಗೆ ಹೋಗುತ್ತೇನೆ. ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲವೆಂದೇ ಇಷ್ಟು ದಿನ ಸುಮ್ಮನಿದ್ದೆ.

ಇದು ನಮ್ಮಿಬ್ಬರ ನಡುವಿನದೇ ಆಗಿದ್ದರೆ ಈಗಲೂ ಸುಮ್ಮನಿರುತ್ತಿದ್ದೆ. ಆದರೆ ಧ್ರುವನೂ ನೋಡಿದ್ದಾನೆ. ಯಾರೋ ಆ ತುಣುಕನ್ನು ಕತ್ತರಿಸಿ, 'ಹೆತ್ತವಳೂ ಅಡಗಿಕೊಂಡಳು' ಎಂದು ಬರೆದು ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರಂತೆ. ಅವನ ಜೊತೆಯ ಆಟಗಾರರು ತಮಾಷೆಗೆಂದು ಅವನಿಗೇ ಕಳಿಸಿದರಂತೆ. ಹರ್ಷನಿಗೆ ಅವನೇ ತಿಳಿಸಿದ. ಆಟದ ಮಾರನೆಯ ದಿನ ಅವನು ನನಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದ. 'ಮಾಮ, ಅಮ್ಮನನ್ನು ಟೀವಿಯಲ್ಲಿ ನೋಡಿದಿರಾ?' ಎಂದು. ಕರೆಂಟು ಹೋಗಿತ್ತೆಂದು ಅವನಿಗೂ ಬರೆದೆ. 'ಓಕೆ ಮಾಮ' ಎಂದ. ಅಷ್ಟೇ. ನಾನು ನೋಡಿದ್ದೇನೆಂದು ಅವನಿಗೆ ತಿಳಿದುಹೋಯಿತು.

ಅವನು ಬಾರದಿರುವುದು ಸೋತ ನಾಚಿಕೆಯಿಂದಲ್ಲ. ನಿನ್ನ ಪರವಾಗಿ ನಾನು ಅವನಿಗೆ ಏನನ್ನೂ ಬರೆಯಲಾರೆ.

ಶ್ರೀಕಂಠ

*

ಮೈಸೂರು
ಅಕ್ಟೋಬರ್ 20, 2024

ಅರು,

ಬೈದಾದರೂ ಒಂದು ಸಾಲು ಬರಿ.

ಶ್ರೀಕಂಠ

*

ಯೂನಿಯನ್‌ವಿಲ್
ಅಕ್ಟೋಬರ್ 28, 2024

ಅಣ್ಣ,

ಬೈಯಲು ಬಾಯಿ ಎಲ್ಲಿದೆ? ನಿನ್ನ ಕಾಗದ ಬಂದ ದಿನ ಮೀಟಿಂಗಿಗೆ ಹೋಗದೆ ಆಫೀಸಿನ ಪಾರ್ಕಿಂಗಿನಲ್ಲಿ ಕಾರೊಳಗೇ ಕುಳಿತಿದ್ದೆ. ಮೊದಲು ನಿನ್ನ ಮೇಲೆ ಕೋಪ ಬಂತು. ದೂರದಲ್ಲಿ ಕೂತು ನನ್ನ ಕೋಟಿನ ಜಿಪ್ಪು ನೋಡುತ್ತಿದ್ದನಲ್ಲ ಎಂದು. ಆ ಕೋಪ ಬಹಳ ಹೊತ್ತು ಉಳಿಯಲಿಲ್ಲ.

ಪಕ್ಕದವನಿಗೆ ಏನು ಹೇಳಿದೆ ಎಂದು ನಿನಗೆ ಗೊತ್ತಿಲ್ಲ. ಹೇಳುತ್ತೇನೆ. ಅಂದು ಹೊಸಬನೊಬ್ಬ ಪುಟ್ಟ ಮಗಳನ್ನು ಕರೆದುಕೊಂಡು ಬಂದು ನನ್ನ ಪಕ್ಕ ಕುಳಿತಿದ್ದ. ಆ ಮಗುವಿಗೆ ನನ್ನ ಚೀಲದಿಂದ ಕೋಡುಬಳೆ ಕೊಟ್ಟಿದ್ದೆ. ಚೆಂಡು ತಪ್ಪಿದ ಮೇಲೆ ಸುತ್ತಲೂ ಜನ ಎದ್ದು 'ಬೂ' ಎಂದರು. ಹಿಂದಿನವನೊಬ್ಬ ಧ್ರುವನ ಬಣ್ಣದ ಬಗ್ಗೆ, ನಮ್ಮವರ ಬಗ್ಗೆ ಒಂದು ಹೊಲಸು ಮಾತಾಡಿದ. ನಾನು ಕೋಟು ಹಾಕಿಕೊಳ್ಳುವಾಗ ಬೆನ್ನಿನ ಮೇಲಿನ ಹೆಸರು ನೋಡಿದ್ದ ಈ ಪಕ್ಕದವನು ಮೆಲ್ಲಗೆ ಕೇಳಿದ, "ಈಸ್ ಹಿ ಯುವರ್ಸ್?"

"ನೋ, ನೋ," ಎಂದೆ. "ಐ ಜಸ್ಟ್ ಬಾಟ್ ಇಟ್ ಅಟ್ ದ ಸ್ಟೋರ್. ಇಟ್ ವಾಸ್ ಆನ್ ಸೇಲ್."

ಬರೀ ಅಲ್ಲ ಎಂದಿದ್ದರೂ ಸಾಕಿತ್ತು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಎಂದೆ, ಅಣ್ಣ. ಅಷ್ಟು ಬೇಗ, ಅಷ್ಟು ಸಲೀಸಾಗಿ ಆ ಮಾತು ಬಾಯಿಗೆ ಹೇಗೆ ಬಂತೋ! ಎರಡು ವರ್ಷ ಎಂಬಿಎ ಎಂದು ಹೇಳಿ ನಾಲಿಗೆ ಪಳಗಿತ್ತೇನೋ. ಅವನು ಮಗಳನ್ನು ಎತ್ತಿಕೊಳ್ಳುತ್ತ, "ಪಾಪ ಹುಡುಗ. ಅವನ ತಾಯಿ ಇಲ್ಲೇ ಎಲ್ಲೋ ಕೂತಿರ್ತಾಳೆ," ಎಂದ. ಅವನು ಕೇಳಿದ್ದು ಹೀಯಾಳಿಸಲಿಕ್ಕಲ್ಲ. ನನ್ನ ಮಗನೆಂದಿದ್ದರೆ ಒಂದು ಸಮಾಧಾನದ ಮಾತು ಹೇಳುತ್ತಿದ್ದ.

ಹದಿನಾಲ್ಕನೇ ತಾರೀಖು ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ. ಮಧುಗೆ ಎಲ್ಲ ಹೇಳಿದೆ. ಅವರು ಕಾರಿನ ಕೀ ತಂದು ಕೈಯಲ್ಲಿಟ್ಟರು. ಬೋಲ್ಟನ್‌ಗೆ ಒಬ್ಬಳೇ ಹೋದೆ. ಅಡುಗೆ ಮಾಡಿಕೊಂಡು ಹೋಗಲಿಲ್ಲ. ಕೈಯಲ್ಲಿ ಡಬ್ಬಿ ಇದ್ದರೆ ಅದರ ಹಿಂದೆಯೂ ಬಚ್ಚಿಟ್ಟುಕೊಳ್ಳುತ್ತಿದ್ದೆ.

ಸಾಲಾಗಿ ಗೋದಾಮುಗಳಿರುವ ರಸ್ತೆ ದಾಟಿದರೆ ಅವನ ಮನೆ. ಅವನೇ ಬಾಗಿಲು ತೆಗೆದ. ಗಡ್ಡ ಬಿಟ್ಟಿದ್ದ. "ಬಾ ಅಮ್ಮ," ಎಂದ. ಜೊತೆಗಾರ ಊರಿಗೆ ಹೋಗಿದ್ದ. ಬೇಸ್‌ಮೆಂಟಿನ ಸಣ್ಣ ಕಿಟಕಿಯಿಂದ ಹುಲ್ಲಿನ ಬುಡ ಮಾತ್ರ ಕಾಣುತ್ತಿತ್ತು.

"ನೀನು ಟೀವಿಯ ತುಣುಕು ನೋಡಿದೀಯಂತೆ," ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. "ಇಟ್ಸ್ ಫೈನ್. ಅವತ್ತು ತುಂಬಾ ಗಾಳಿ ಇತ್ತಲ್ಲ ಅಮ್ಮ. ನಿಂಗೆ ಚಳಿ ಆಯ್ತು, ರೈಟ್?"

ಅಣ್ಣ, ಅವನು ನನಗೆ ಬಾಗಿಲು ತೆರೆದಿಟ್ಟಿದ್ದ. ಹೌದು ಕಂದ, ಚಳಿ ಎಂದಿದ್ದರೆ ಅವನು ನಂಬಿದ ಹಾಗೆ ಮಾಡುತ್ತಿದ್ದ, ನಾನು ಅಳುತ್ತಿದ್ದೆ, ಇಬ್ಬರೂ ಎಲ್ಲಾದರೂ ಹೋಗಿ ಊಟ ಮಾಡುತ್ತಿದ್ದೆವು. ಪಕ್ಕದವನ ಮಾತು ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದೆ ಕೂಡ.

"ಚಳಿ ಇರ್ಲಿಲ್ಲ," ಎಂದೆ. ಆಮೇಲೆ ಪಕ್ಕದವನು ಕೇಳಿದ್ದು, ನಾನು ಅಂದದ್ದು, ಅಂಗಡಿಯ ಮಾತು, ಎಲ್ಲ ಹೇಳಿದೆ. ಹಿಂದಿನವನ ಹೊಲಸು ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ಅದೇ ನೆಪವಾಗುತ್ತಿತ್ತು.

"ಆನ್ ಸೇಲ್," ಎಂದು ಅವನು ಮತ್ತೆ ಹೇಳಿಕೊಂಡ. "ಅವ್ನೇನಂದ?" ಎಂದು ಕೇಳಿದ.

ಅದನ್ನೂ ಹೇಳಿದೆ.

ಅವನು ಎದ್ದು ಸಿಂಕಿನ ಹತ್ತಿರ ಹೋಗಿ ಒಂದು ಕಪ್ಪನ್ನು ತೊಳೆಯತೊಡಗಿದ. ನೀರು ಹರಿಯುತ್ತಲೇ ಇತ್ತು. ನನ್ನ ಕಡೆ ಬೆನ್ನು ಮಾಡಿಕೊಂಡೇ ಮಾತಾಡಿದ.

"ಅವ್ರು ಬೂ ಮಾಡಿದ್ದು ಐ ಕ್ಯಾನ್ ಟೇಕ್. ಅದು ಜಾಬು. ಬಟ್ ಮಿಸ್ ಆದ್ಮೇಲೆ ನಾನು ನಿನ್ ಸೀಟ್ ಕಡೆ ನೋಡ್ದೆ ಅಮ್ಮ. ಎವೆರಿ ಗೇಮ್ ನೋಡ್ತೀನಿ. ಅಂಗಿ ಕಾಣ್ಲಿಲ್ಲ. ನೀನು ಎದ್ದು ಹೋಗಿದೀಯಾ ಅಂದ್ಕೊಂಡೆ." ನಲ್ಲಿ ನಿಲ್ಲಿಸಿದ. "ಇವತ್ತು ಹೋಗು ಅಮ್ಮ. ಐ ಆಮ್ ನಾಟ್ ಮ್ಯಾಡ್. ಆದ್ರೆ ಇವತ್ತು ಹೋಗು."

ಹೊರಟೆ. ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ ಅತ್ತೆ. ಆಮೇಲೆ ಹತ್ತು ದಿನ ಅವನ ಸುದ್ದಿಯಿಲ್ಲ. ನಿನ್ನ ಒಂದು ಸಾಲಿನ ಕಾಗದ ನಡುವೆ ಬಂತು. ಉತ್ತರ ಬರೆಯಲು ಕೂತರೆ ಕೊನೆ ಏನೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಶನಿವಾರ ಈ ವರ್ಷದ ಕೊನೆಯ ಆಟ. ತಂಡ ಮುಂದಿನ ಸುತ್ತಿಗೆ ಹೋಗುವುದಿಲ್ಲವೆಂದು ಮೊದಲೇ ಖಚಿತವಾಗಿತ್ತು. ಸ್ಟೇಡಿಯಂ ಅರ್ಧ ಖಾಲಿ. ಧ್ರುವ ಟಿಕೆಟ್ ಕಳಿಸಿರಲಿಲ್ಲ, ನಾನೇ ಕೊಂಡು ಕಂಬಗಳ ಹಿಂದಿನ ಸಾಲಿನಲ್ಲಿ ಕುಳಿತೆ. ಜೆರ್ಸಿ ಹಾಕಿಕೊಂಡಿದ್ದೆ, ಕೋಟನ್ನು ಕಾರಿನಲ್ಲೇ ಬಿಟ್ಟಿದ್ದೆ. ಯಾರಾದರೂ ಕೇಳಲಿ ಎಂದು ಕಾದೆ, ಅಣ್ಣ. 'ನಿಮ್ಮವನೇ?' ಎಂದು ಯಾರಾದರೂ ಒಬ್ಬರು ಕೇಳಲಿ ಎಂದು. ಎಡಗಡೆ ಕುರ್ಚಿ ಖಾಲಿಯಿತ್ತು. ಬಲಗಡೆಯ ಮುದುಕ ದಂಪತಿ ಕಂಬಳಿ ಹೊದ್ದು ತಮ್ಮ ಪಾಡಿಗೆ ಸೂಪು ಕುಡಿಯುತ್ತಿದ್ದರು. ಯಾರೂ ಕೇಳಲಿಲ್ಲ.

ಕೊನೆಯ ಭಾಗದಲ್ಲಿ ಆ ಅಮೆರಿಕದವನ ತೊಡೆ ಹಿಡಿದುಕೊಂಡಿತು. ಧ್ರುವನನ್ನು ಕರೆದರು. ಅಷ್ಟು ಹೊತ್ತಿಗೆ ತಂಡ ಇಪ್ಪತ್ತು ಅಂಕ ಹಿಂದಿತ್ತು, ಗೆಲ್ಲುವ ಮಾತೇ ಇರಲಿಲ್ಲ. ಅವನು ಓಡಿ ಬಂದ, ಒದ್ದ, ಚೆಂಡು ನಡುವೆ ನೇರ ಹೋಯಿತು. ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ನಾನೊಬ್ಬಳೇ ಎದ್ದು ಚಪ್ಪಾಳೆ ತಟ್ಟಿದ್ದು. ಅವನು ನನ್ನ ಹಳೆಯ ಸೀಟಿನ ಕಡೆ ನೋಡಿದನೋ ಇಲ್ಲವೋ, ಹೆಲ್ಮೆಟ್ಟಿನಲ್ಲಿ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ಆಟಗಾರರು ಹೊರಬರುವ ಗೇಟಿಗೆ ಹೋಗಿ, ಬೇರೆ ಮನೆಗಳವರಿಂದ ದೂರ ನಿಂತೆ. ಅವನು ಬಂದರೆ ಬರಲಿ, ನನ್ನನ್ನು ನೋಡದ ಹಾಗೆ ಹೋದರೂ ಸರಿ ಎಂದುಕೊಂಡಿದ್ದೆ. ಅವನು ಅಷ್ಟು ಮಾಡಿದರೆ ನನಗೂ ಸ್ವಲ್ಪ ಹಗುರವಾದೀತು ಎಂಬ ಕೆಟ್ಟ ಆಸೆಯೂ ಇತ್ತು.

ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಜೊತೆಯಲ್ಲಿ ಬಾಗಿಲಷ್ಟು ಅಗಲದ ಆಟಗಾರನೊಬ್ಬ. ಧ್ರುವ ನನ್ನನ್ನು ನೋಡಿದ, ನಿಂತ, ಹತ್ತಿರ ಬಂದ. ಅವನಿಗೆ ನನ್ನನ್ನು ತೋರಿಸಿ, "ದಿಸ್ ಈಸ್ ಮೈ ಮಾಮ್," ಎಂದ. ಏನೂ ಆಗದವನ ಹಾಗೆ, ಮಾಮೂಲು ದನಿಯಲ್ಲಿ. ಆ ತುಣುಕನ್ನು ನೋಡದವರು ಆ ತಂಡದಲ್ಲಿ ಯಾರೂ ಇರಲಿಕ್ಕಿಲ್ಲ. ಆ ದೊಡ್ಡ ಹುಡುಗ ನನ್ನ ಮುಖ, ಆಮೇಲೆ ನನ್ನ ಅಂಗಿ ನೋಡಿ ಕೈ ಚಾಚಿದ. ಕುಲುಕಿದೆ.

ತಂಡದವರು ಅವನನ್ನು ಬಿಟ್ಟುಬಿಡುತ್ತಾರೆ, ಮುಂದಿನ ವಾರ ಹೇಳುತ್ತಾರಂತೆ. ಬೇರೆ ಊರುಗಳಲ್ಲಿ ಪ್ರಯತ್ನ ಮಾಡುತ್ತಾನಂತೆ. ಇದನ್ನೆಲ್ಲ ಅವನೇ ನಡೆಯುತ್ತ ಹೇಳಿದ. ನಾನು ಹೂಂಗುಟ್ಟಿದೆ. ಕಾರಿನವರೆಗೂ ನನ್ನ ನಡಿಗೆಗೆ ತಕ್ಕ ಹಾಗೆ ನಿಧಾನ ಹೆಜ್ಜೆ ಹಾಕುತ್ತ ಬಂದ. ಕ್ಷಮಿಸಿದ್ದಾನೋ ಇಲ್ಲವೋ ಗೊತ್ತಿಲ್ಲ ಅಣ್ಣ. ಕೇಳುವ ಮುಖ ನನಗಿಲ್ಲ.

ಅರು